ಬೈಲುಗದ್ದೆಯ ಮೇಲಣ ಹಳಿ



ಮಳೆಗಾಲದಲ್ಲಿ ಹಿತ್ತಿಲಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳ ವಿಷಯವನ್ನು ಈ ತಿಂಗಳೂ ಮುಂದುವರಿಸುವೆನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನಷ್ಟೆ. ಆ ಮಾತನ್ನು ಈ ಸಲ ನಡೆಯಿಸಲಾರೆನು. ಚಗಟೆಯೂ ಕೆಸುವೂ ಇನ್ನೊಂದು ತಿಂಗಳು ಕಾಯಬಲ್ಲುವು. ಆಟಿ ತಿಂಗಳ ಒಂದು ಬೆಳಗ್ಗೆ ನಮ್ಮ ನೆರೆಮನೆಯವರೊಬ್ಬರು ತೀರಿಕೊಂಡರು. ಅವರ ವಿಷಯವನ್ನು ಬರೆಯದೆ ಬೇರೆ ಯಾವುದನ್ನು ಬರೆಯಹೊರಟರೂ ಲೇಖನಿಯು ಮುಂದಕ್ಕೆ ಸಾಗದು.

ಅವರ ಹೆಸರನ್ನು ಇಲ್ಲಿ ಕಾಣಿಸುವುದಿಲ್ಲ. ಊರಿನವರೆಲ್ಲ ಅವರನ್ನು ‘ಹಳಿಯಣ್ಣ’ ಎಂದೇ ಕರೆಯುತ್ತಿದ್ದುದರಿಂದ ಆ ಹೆಸರೇ ಸಾಕು. ಕೊಂಕಣ ರೈಲ್ವೇಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮನ್ ಆಗಿ, ಇಪ್ಪತ್ತಾರು ವರ್ಷ ದುಡಿದು 2020ರಲ್ಲಿ ನಿವೃತ್ತರಾದವರು. ನನಗಿಂತ ಐದು ವರ್ಷಕ್ಕೆ ಹಿರಿಯರು. ನಮ್ಮ ಎರಡು ಮನೆಗಳೂ ಕಾಪು ತಾಲೂಕಿನ ಇನ್ನಂಜೆಯ ಆಸುಪಾಸಿನಲ್ಲಿ, ಒಂದೇ ತೋಡಿನ ಆಚೆ ಈಚೆ ಇರುವುವು.

ಈ ಸೀಮೆಯವರಲ್ಲದ ವಾಚಕರಿಗೆ ಒಂದು ಮಾತು ಹೇಳಬೇಕು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅಲ್ಲಿಂದ ಬಡಗಲಾಗಿ ಉಡುಪಿಗೆ ಹೆಚ್ಚು ದೂರವಿಲ್ಲ. ಆದರೂ ಆ ಹಳಿಯು ಉಡುಪಿಯನ್ನು ಮುಟ್ಟುವುದಕ್ಕೆ ಎಂಬತ್ತಾರು ವರ್ಷ ಹಿಡಿಯಿತು. ನಮ್ಮವರು ಮುಂಬಯಿಗೆ ಹೋಗಿ ಹೋಟೆಲುಗಳನ್ನು ಕಟ್ಟಿದರು, ಬ್ಯಾಂಕುಗಳಲ್ಲಿ ಸೇರಿದರು, ಮಿಲ್ಲುಗಳಲ್ಲಿ ದುಡಿದರು; ಹಬ್ಬಕ್ಕೆ ಊರಿಗೆ ಬರಬೇಕಾದರೆ ಬಸ್ಸಿನಲ್ಲಿ ರಾತ್ರಿ ಹಗಲು ಕುಳಿತು ಕಾಲು ಬಾತುಕೊಂಡು ಇಳಿಯುತ್ತಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ರೈಲ್ವೇ ಮಂತ್ರಿಗಳಾಗಿದ್ದ ಕಾಲದಲ್ಲಿ, 1990ರ ಜುಲಾಯಿಯಲ್ಲಿ, ಕೊಂಕಣ ರೈಲ್ವೇ ನಿಗಮವು ಸ್ಥಾಪಿತವಾಗಿ ಇ. ಶ್ರೀಧರನ್ ಅವರ ಕೈಗೆ ಆ ಕಾರ್ಯವು ಒಪ್ಪಿಸಲ್ಪಟ್ಟಿತು. 1993ರ ಮಾರ್ಚಿನಲ್ಲಿ ಮಂಗಳೂರಿನಿಂದ ಉಡುಪಿಯವರೆಗೆ ಬಂಡಿ ಓಡಿತು. 1998ರಲ್ಲಿ ಮುಂಬಯಿಯವರೆಗಿನ ದಾರಿಯೆಲ್ಲ ಕೂಡಿಕೊಂಡಿತು. ನಮ್ಮ ಹಿರಿಯರು ‘ಉಗಿಬಂಡಿ’ ಎಂದು ಬರೆಯುತ್ತಿದ್ದರು. ಉಡುಪಿಗೆ ಬಂಡಿ ಬರುವಷ್ಟರಲ್ಲಿ ಉಗಿಯ ಕಾಲವೇ ಕಳೆದುಹೋಗಿದ್ದಿತು. ನಾನು ತರಗತಿಯಲ್ಲಿ ‘ಲೋಹಪಥಗಾಮಿನೀ’ ಎಂಬ ಸಂಸ್ಕೃತದ ಶಬ್ದವನ್ನು ಹೇಳಿಕೊಟ್ಟಾಗ ಮಕ್ಕಳು ನಗದ ವರ್ಷವಿಲ್ಲ.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಏಳುನೂರು ಕಿಲೋಮೀಟರಿಗೂ ಮಿಕ್ಕಿದ ಈ ದಾರಿಗೆ ಭೂಮಿ ಬೇಕಾಯಿತಲ್ಲವೇ? ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಕ್ಕುದಾರರಿಂದ ಅದನ್ನು ಪಡೆಯಲಾಯಿತು. ಆ ನಲವತ್ತು ಸಾವಿರದಲ್ಲಿ ಹಳಿಯಣ್ಣನ ತಾಯಿಯವರೂ ಒಬ್ಬರು.

ಆ ಗದ್ದೆಯ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ನಮ್ಮಲ್ಲಿ ಗದ್ದೆಗಳು ಮೂರು ತರದವು: ಮಳೆಯನ್ನೇ ನಂಬಿದ ಬೆಟ್ಟು, ನಡುವಣ ಮಜಲು, ತಗ್ಗಿನಲ್ಲಿ ನೀರು ಆರದ ಬೈಲು. ಅವರದು ಬೈಲು. ಏಣಿಲು ಬೆಳೆಯೂ ಸುಗ್ಗಿ ಬೆಳೆಯೂ ತಪ್ಪದೆ ಬರುತ್ತಿದ್ದ ಮಣ್ಣು. ಆದರೆ ಮೂರು ತಲೆಮಾರು ಅದು ಅವರದಾಗಿರಲಿಲ್ಲ, ಚಾಲಗೇಣಿಗೆ ಮಾಡುತ್ತಿದ್ದರು. ಬೆಳೆದುದರಲ್ಲಿ ಒಳ್ಳೆಯ ಪಾಲು ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೋಗುತ್ತಿದ್ದಿತು. 1974ರ ಭೂಸುಧಾರಣೆಯ ಕಾನೂನು ಬಂದ ಮೇಲೆ ಹಳಿಯಣ್ಣನ ತಂದೆಯವರು ‘ಡಿಕ್ಲರೇಶನ್’ ಹಾಕಿದರು. ಟ್ರಿಬ್ಯೂನಲಿಗೆ ಅಲೆದು ಅಲೆದು ಕೊನೆಗೆ ಗದ್ದೆಯು ಅವರ ಹೆಸರಿಗಾಯಿತು. ಆ ಆಜ್ಞಾಪತ್ರವನ್ನು ಆ ತಾಯಿಯವರು ಅಕ್ಕಿಯ ಕಲಸೆಯ ಅಡಿಯಲ್ಲಿ ಇಟ್ಟುಕೊಂಡಿದ್ದರೆಂದು ಕೇಳಿದ್ದೇನೆ. ತಂದೆಯವರು ಬಹುಕಾಲ ಬಾಳಲಿಲ್ಲ. ಖಾತೆಯು ತಾಯಿಯವರ ಹೆಸರಿಗೆ ಬಂದಿತು. ಅದಾಗಿ ಕೆಲವೇ ವರ್ಷಗಳಲ್ಲಿ ರೈಲಿನ ದಾರಿಯ ಗುರುತು ಆ ಗದ್ದೆಯ ನಟ್ಟನಡುವೆ ಬಿದ್ದಿತು.

ಆಗ ನಾನು ಇಪ್ಪತ್ತಾರು ವಯಸ್ಸಿನ ಹೊಸ ಮಾಷ್ಟ್ರು. ಊರಿನಲ್ಲಿ ಅರ್ಜಿ ಬರೆಯಬೇಕಾದರೆ, ನೋಟೀಸು ಓದಬೇಕಾದರೆ ಜನರು ನಮ್ಮ ಜಗಲಿಗೆ ಬರುತ್ತಿದ್ದರು. ಅಕ್ಷರ ಬಲ್ಲವನೆಂಬ ಜಂಬವೂ ನನಗಿರಲಿಲ್ಲವೆಂದು ಹೇಳಲಾರೆನು. ಒಂದು ಸಂಜೆ ಆ ತಾಯಿಯವರು ನೋಟೀಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, “ಮಾಷ್ಟ್ರೇ, ಈ ಗದ್ದೆ ಕೊಡುವುದಕ್ಕೆ ನನಗೆ ಮನಸ್ಸಿಲ್ಲ ಎಂದು ಚೆಂದದಲ್ಲಿ ಬರೆದುಕೊಡಿ” ಎಂದರು. ಅವರಾಡುತ್ತಿದ್ದುದು ತುಳು, ಕನ್ನಡವು ಅವರಿಗೆ ಕೇಳಿ ಗೊತ್ತಿದ್ದ ಭಾಷೆ ಮಾತ್ರ. ನಾಳೆ ಬನ್ನಿರೆಂದೆನು. ಆ ರಾತ್ರಿ ಮಗನು ಒಬ್ಬನೇ ಬಂದನು.

ಮಗನ ಮಾತು ಬೇರೆಯಾಗಿದ್ದಿತು. ರೈಲು ಬಾರದೆ ಹೋಗದು, ನಮ್ಮೊಬ್ಬರ ಆಕ್ಷೇಪದಿಂದ ದಾರಿ ತಿರುಗದು, ಭೂಮಿ ಹೋದ ಮನೆಯವರಿಗೆ ಕೆಲಸದಲ್ಲಿ ಆದ್ಯತೆ ಇದೆಯಂತೆ, ತಂಗಿಗೆ ಮದುವೆಯಾಗಬೇಕು, ಮುಂಬಯಿಯ ಕ್ಯಾಂಟೀನಿನಲ್ಲಿ ಮೂರು ವರ್ಷ ಲೋಟ ತೊಳೆದುದು ಸಾಕಾಯಿತು. ಅವರು ಹೇಳಿದುದರಲ್ಲಿ ಸುಳ್ಳೊಂದೂ ಇರಲಿಲ್ಲ. ನಾನು ಒಪ್ಪಿದೆನು. ಮರುದಿನ ಬರೆದ ಕಾಗದದಲ್ಲಿ, ಪರಿಹಾರದೊಂದಿಗೆ ಮಗನಿಗೆ ಉದ್ಯೋಗವನ್ನು ಪ್ರಾರ್ಥಿಸಿ, ಅದಕ್ಕೆ ಮುಂಚೆ ‘ಸದರಿ ಜಮೀನನ್ನು ಬಿಟ್ಟುಕೊಡುವುದಕ್ಕೆ ನಮ್ಮ ಆಕ್ಷೇಪವೇನೂ ಇರುವುದಿಲ್ಲ’ ಎಂಬ ಒಂದು ಸಾಲನ್ನು ಸೇರಿಸಿದೆನು.

ತಾಯಿಯವರು ಓದಿ ಹೇಳಿರೆಂದು ಕೇಳಿದರು. ನಾನು ತುಳುವಿನಲ್ಲಿ ಹೇಳಿದೆನು: ನಿಮ್ಮ ಕಷ್ಟವನ್ನು ಬರೆದಿದ್ದೇನೆ, ಮಗನಿಗೆ ಕೆಲಸ ಕೊಡಬೇಕೆಂದು ಬರೆದಿದ್ದೇನೆ, ಪರಿಹಾರದ ವಿಷಯ ಬರೆದಿದ್ದೇನೆ. ಆ ಒಂದು ಸಾಲನ್ನು ಮಾತ್ರ ಓದಲಿಲ್ಲ. ಮಗನು ಕಂಬಕ್ಕೆ ಒರಗಿ ತೋಟದ ಕಡೆಗೆ ನೋಡುತ್ತ ನಿಂತಿದ್ದನು. ಅವರು ಹೆಬ್ಬೆರಳನ್ನು ಮಸಿಯಲ್ಲಿ ಒತ್ತಿ ಕಾಗದದ ಮೇಲಿರಿಸಿದರು. ಅಡಿಯ ಕಾರ್ಬನ್ ಪ್ರತಿಯ ಮೇಲೂ ಇರಿಸಿದರು. ಏಳುವಾಗ ಎರಡು ಎಳನೀರನ್ನು ಜಗಲಿಯಲ್ಲಿ ಬಿಟ್ಟು ಹೋದರು. ಅದನ್ನು ನಾನು ಕುಡಿದೆನು.

ಅಳತೆಯವರು ಬಂದು ಗೂಟ ಹೊಡೆದ ದಿನ ಅವರಿಗೆ ವಿಷಯ ತಿಳಿಯಿತು. ನಮ್ಮ ಮನೆಗೆ ಬಂದು ಬೈಯಲಿಲ್ಲ. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು, ಅಷ್ಟೆ. 2009ರಲ್ಲಿ ತೀರಿಕೊಳ್ಳುವವರೆಗೂ ಬಿಟ್ಟ ಮಾತನ್ನು ಮತ್ತೆ ಆಡಲಿಲ್ಲ. ಪರಿಹಾರದ ಹಣದಲ್ಲಿ ಮನೆಯ ಹಿಂದಣ ಬೆಟ್ಟಿನಲ್ಲಿ ಒಂದು ಬಾವಿ ತೋಡಿಸಿ ಮಲ್ಲಿಗೆಯ ಗಿಡಗಳನ್ನು ಹಾಕಿದ್ದರು. ಶಂಕರಪುರದ ಮಲ್ಲಿಗೆಯ ಸೀಮೆಯಲ್ಲವೇ ನಮ್ಮದು. ಆ ಬೆಳೆಯು ಅವರ ಕೈ ಹಿಡಿಯಿತು. ನನ್ನ ಮನೆಯವಳು ಹೂವು ತರಲು ಹೋದರೆ ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ತಪ್ಪದೆ ಎಣಿಸಿ, ಮೇಲೊಂದು ಮಾರು ಕೊಸರು ಹಾಕಿ ಕೊಡುತ್ತಿದ್ದರಂತೆ. ನಾನು ಅಂಗಳದಲ್ಲಿ ಕಾಲಿಟ್ಟರೆ ಒಳಗೆ ಹೋಗುತ್ತಿದ್ದರು.

ಮಗನಿಗೆ ಕೆಲಸ ಸಿಕ್ಕಿತು. 1994ರಲ್ಲಿ, ಗ್ಯಾಂಗಿನಲ್ಲಿ. ಅವರ ಪಾಲಿಗೆ ಬಂದ ದಾರಿಯ ತುಂಡಿನಲ್ಲಿ ಆ ಬೈಲುಗದ್ದೆಯೂ ಸೇರಿದ್ದಿತು.

ರೈಲಿನ ಕೆಲಸವೆಂದರೆ ನಮ್ಮ ಕಣ್ಣಿಗೆ ಬೀಳುವವರು ಟಿಕೇಟಿನವರು, ಬಿಳಿ ಬಟ್ಟೆಯ ಸ್ಟೇಷನ್ ಮಾಸ್ತರರು, ಬಂಡಿ ನಡೆಯಿಸುವವರು. ಹಳಿಯನ್ನು ನೋಡಿಕೊಳ್ಳುವವನು ಕಿಟಕಿಯಾಚೆ ಒಂದು ಕ್ಷಣ ಕಾಣಿಸಿ ಹೋಗುತ್ತಾನೆ. ಹಳಿಯಣ್ಣನು ಕೀಮನ್ ಆದ ಮೇಲೆ ಅವರ ದಿನಚರಿಯನ್ನು ನಾನು ಬಲ್ಲೆನು. ಬೆಳಕು ಹರಿಯುವಾಗ ಹೊರಡುವುದು. ಹೆಗಲ ಚೀಲದಲ್ಲಿ ಸ್ಪ್ಯಾನರು, ಸುತ್ತಿಗೆ, ಬಿಡಿ ಕ್ಲಿಪ್ಪುಗಳು, ಕೆಂಪು ಹಸುರು ಬಾವುಟಗಳು, ಪಟಾಕಿಗಳು. ಹೋಗುವಾಗ ಒಂದು ಹಳಿಯನ್ನು ನೋಡುತ್ತ ಹೋಗುವುದು, ಬರುವಾಗ ಇನ್ನೊಂದನ್ನು ನೋಡುತ್ತ ಬರುವುದು. ಹಳಿಯನ್ನು ಕಾಂಕ್ರೀಟಿನ ಸ್ಲೀಪರಿಗೆ ಬಿಗಿಹಿಡಿಯುವ ಉಕ್ಕಿನ ಕ್ಲಿಪ್ಪುಗಳು ಬಂಡಿಯ ಅದುರಿಗೆ ಸಡಿಲವಾಗುತ್ತವೆ. ಸಡಿಲವಾದುದನ್ನು ಬಡಿದು ಕೂರಿಸಬೇಕು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಕ್ಲಿಪ್ಪು ತುಕ್ಕು ಹಿಡಿದು ಅಂಟಿಕೊಂಡುಬಿಡುತ್ತದೆ; ಅದನ್ನು ಕಿತ್ತು, ಉಜ್ಜಿ, ಗ್ರೀಸು ಸವರಿ ಮತ್ತೆ ಹಾಕಬೇಕು. ಬೇಸಗೆಯಲ್ಲಿ ಹಳಿಯು ಹಿಗ್ಗಿ ಸೊಟ್ಟಗಾಗುವ ಭಯ. ಜಲ್ಲಿಕಲ್ಲಿನ ಮೇಲೆ ದಿನವೂ ಹೀಗೆ ನಡೆದುದರ ಫಲವು ಮೊಣಕಾಲಿಗೆ. ಐವತ್ತು ದಾಟುವ ಮೊದಲೇ ಅವರು ಬಸ್ಸು ಹಿಡಿದು ಮಣಿಪಾಲಕ್ಕೆ ಕಾಲು ತೋರಿಸಲು ಹೋಗಿ ಬರತೊಡಗಿದ್ದರು. ಸಡಿಲವಾದ ಕ್ಲಿಪ್ಪು ಯಾವುದೆಂದು ಸುತ್ತಿಗೆಯ ಸದ್ದಿನಿಂದಲೇ ತಿಳಿಯುತ್ತದೆಂದು ಹೇಳುತ್ತಿದ್ದರು. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಳೆಗಾಲದ ಸಂಗತಿಯೇ ಬೇರೆ. ಈ ದಾರಿಯನ್ನು ಎಷ್ಟೋ ಕಡೆ ಗುಡ್ಡಗಳನ್ನು ಕಡಿದು ಮಾಡಿದ್ದಾರೆ. ಮಳೆಯ ನೀರು ಕುಡಿದ ಮಣ್ಣು ಯಾವ ಗಳಿಗೆಯಲ್ಲಿ ಜಾರುವುದೆಂದು ಹೇಳಬರುವುದಿಲ್ಲ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿಯ ಬಳಿ, ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ಬಂಡಿಯು ಹಳಿಯ ಮೇಲೆ ಉರುಳಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಮರುವರ್ಷ ಅದೇ ಜೂನಿನಲ್ಲಿ ನಮ್ಮ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸು ಸೇತುವೆಯೊಂದರ ಬಳಿ ಹಳಿತಪ್ಪಿ ಸುಮಾರು ಇಪ್ಪತ್ತು ಜನ ತೀರಿಕೊಂಡರು. (ಹೊಳೆ ದಾಟಿಸುತ್ತಿದ್ದ ದೋಣಿಯವಳ ಹೆಸರನ್ನು ಇಷ್ಟು ಹೊಳೆಗಳನ್ನು ದಾಟುವ ಬಂಡಿಗೆ ಇರಿಸಿದವರು ಯಾರೋ, ಅವರು ಭಾರತವನ್ನು ಓದಿದವರೇ ಇರಬೇಕು.) ಆ ಮೇಲೆ ಗುಡ್ಡದ ಮೈಗೆ ಉಕ್ಕಿನ ಬಲೆ ಹೊದಿಸುವುದು ಮೊದಲಾದ ಕೆಲಸಗಳು ಬಹಳವಾಗಿ ನಡೆದುವು. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಜೋರು ಮಳೆಯಲ್ಲಿ ಬಂಡಿಯು ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಕೂಡದು. ಇಷ್ಟೆಲ್ಲ ಆದರೂ ರಾತ್ರಿಯಲ್ಲಿ ದೀಪ ಹಿಡಿದು ಹಳಿಯ ಮೇಲೆ ನಡೆಯುವ ಮನುಷ್ಯನಿಲ್ಲದೆ ಆಗುವುದಿಲ್ಲ.

ಒಮ್ಮೆ ನಾನು ಮುಂಬಯಿಯಿಂದ ಬರುತ್ತಿದ್ದಾಗ ಬಂಡಿಯು ಯಾವುದೋ ಕತ್ತಲೆಯ ನಡುವೆ ಒಂದು ತಾಸು ನಿಂತುಬಿಟ್ಟಿತು. ಹೊರಗೆ ಮಳೆ. ಡಬ್ಬಿಯಲ್ಲಿದ್ದವರೆಲ್ಲ ಗೊಣಗಿದೆವು, ನಾನೂ ಯಥೇಷ್ಟವಾಗಿ ಗೊಣಗಿದೆನು. ಊರಿಗೆ ಬಂದು ಹಳಿಯಣ್ಣನಲ್ಲಿ ಈ ದೂರನ್ನು ಹೇಳಲಾಗಿ ಅವರು ನಕ್ಕು, “ಮಾಷ್ಟ್ರೇ, ನೀವು ಒಳಗೆ ಕುಳಿತು ಬೈಯುವಾಗ ಮುಂದೆ ಒಬ್ಬ ಒದ್ದೆಯಾಗುತ್ತಿದ್ದ” ಎಂದರು. ಹಳಿಯ ಮೇಲೆ ಮಣ್ಣು ಬಿದ್ದುದನ್ನು ಕಂಡರೆ ಏನು ಮಾಡುವಿರೆಂದು ಕೇಳಿದೆನು. ಬಂಡಿ ಬರುವ ದಿಕ್ಕಿಗೆ ಓಡಬೇಕು. ಆರುನೂರು ಮೀಟರಿನಲ್ಲಿ ಹಳಿಗೆ ಒಂದು ಪಟಾಕಿ ಕಟ್ಟಬೇಕು. ಮತ್ತೆ ಓಡಿ ಸಾವಿರದ ಇನ್ನೂರು ಮೀಟರಿನಲ್ಲಿ ಹತ್ತು ಹತ್ತು ಮೀಟರು ಬಿಟ್ಟು ಮೂರು ಕಟ್ಟಬೇಕು. ಚಕ್ರವು ಹತ್ತಿದೊಡನೆ ಅವು ಸಿಡಿಯುತ್ತವೆ; ಡ್ರೈವರನು ಬಂಡಿಯನ್ನು ನಿಲ್ಲಿಸುತ್ತಾನೆ. “ನೀವು ಎಂದಾದರೂ ಕಟ್ಟಿದ್ದುಂಟೇ?” ಎಂದೆನು. “ಎರಡು ಸಲ” ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ಕಡೆಗೆ ಮೋಡವನ್ನು ನೋಡುತ್ತ ಎದ್ದು ಹೋದರು.

ಅವರ ನಿವೃತ್ತಿಯ ಸಮಾರಂಭವು ನಡೆಯಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಕಾಯಿಲೆಯ ನಿಮಿತ್ತ ದೇಶದ ಪ್ರಯಾಣಿಕರ ಬಂಡಿಗಳೆಲ್ಲ ನಿಂತುಹೋಗಿದ್ದುವು. ಸಾಮಾನಿನ ಬಂಡಿಗಳು ಓಡುತ್ತಿದ್ದುದರಿಂದ ಹಳಿಯನ್ನು ನೋಡುವ ಕೆಲಸಕ್ಕೆ ಮಾತ್ರ ಬಿಡುವಿರಲಿಲ್ಲ. ಮೇ ತಿಂಗಳ ಕಡೆಯ ದಿನ ಎಂದಿನಂತೆ ಹೋಗಿ ಬಂದು, ಸ್ಪ್ಯಾನರು, ಸುತ್ತಿಗೆ, ಬಾವುಟಗಳನ್ನು ಲೆಕ್ಕಮಾಡಿ ಒಪ್ಪಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಮನೆಗೆ ಬಂದರು. ಹಾರವಿಲ್ಲ, ಭಾಷಣವಿಲ್ಲ. ಭಾಷಣ ಮಾಡಬೇಕಾಗಿ ಬಂದಿದ್ದರೆ ಅದನ್ನು ನಾನೇ ಬರೆದುಕೊಡಬೇಕಾಗುತ್ತಿತ್ತು. ಆ ಕಷ್ಟವು ಇಬ್ಬರಿಗೂ ತಪ್ಪಿತು.

ನಿವೃತ್ತಿಯ ಬಳಿಕ ಅವರಿಗೆ ಬಿಡುವಾಯಿತು. ರಜೆಯ ದಿನಗಳಲ್ಲಿ, ಕಳೆದ ವರ್ಷ ನಾನೂ ನಿವೃತ್ತನಾದ ಮೇಲಂತೂ ಅಡಿಗಡಿಗೆ, ಸಂಜೆಯ ಹೊತ್ತು ನಾವಿಬ್ಬರೂ ಕಾಪುವಿನ ಕಡಲದಂಡೆಗೆ ಹೋಗುತ್ತಿದ್ದೆವು. 1901ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭವನ್ನು ನೋಡಲು ಊರೂರಿನಿಂದ ಜನ ಬರುತ್ತಾರೆ. ಎಲ್ಲರೂ ಕತ್ತೆತ್ತಿ ಮೇಲೆ ನೋಡುವಾಗ ಹಳಿಯಣ್ಣ ಮಾತ್ರ ನೆಲವನ್ನು ನೋಡುತ್ತ ನಡೆಯುವರು. ಅದು ಅವರಿಗೆ ಬಿಡದ ಅಭ್ಯಾಸ. ಮಗಳನ್ನು ಕಾರ್ಕಳಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋಗಿ ಬಂದಾಗಲೆಲ್ಲ, “1432ರಲ್ಲಿ ಅಷ್ಟು ದೊಡ್ಡ ಗೊಮ್ಮಟನನ್ನು ಗುಡ್ಡದ ಮೇಲೆ ನಿಲ್ಲಿಸಿದರಲ್ಲ, ಒಂದು ರೈಲನ್ನು ಇಂದಿಗೂ ತರಲಿಲ್ಲವಲ್ಲ” ಎನ್ನುತ್ತಿದ್ದರು. ಮಗಳು ತೌರಿಗೆ ಬರಬೇಕಾದರೆ ಬಸ್ಸೇ ಗತಿಯೆಂಬುದು ಅವರ ದುಃಖ.

ಹಾಗೆ ಕುಳಿತಿದ್ದ ಒಂದು ಸಂಜೆ ನಾನು ಧೈರ್ಯಮಾಡಿ ಆ ಕಾಗದದ ಮಾತನ್ನೆತ್ತಿದೆನು. ಮೂವತ್ತು ವರ್ಷ ಇಬ್ಬರೂ ಎತ್ತದೆ ಇದ್ದ ಮಾತು. “ನಿಮ್ಮ ತಾಯಿಯವರು ನಿಮ್ಮನ್ನು ಕ್ಷಮಿಸಿದ್ದರೇ?” ಎಂದು ಕೇಳಿದೆನು. ಅವರು ಮರಳಿನಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ಸುಮ್ಮನಿದ್ದು ಹೀಗೆಂದರು:

“ಅದು ನನಗೆ ಗೊತ್ತಿಲ್ಲ ಮಾಷ್ಟ್ರೇ. ಕೆಲಸದಿಂದ ಬಂದು ಕಾಲು ತೊಳೆಯುವಾಗ ಅಮ್ಮ ದಿನಾ ಒಂದೇ ಮಾತು ಕೇಳುತ್ತಿದ್ದರು: ‘ಕಂಡ ಎಂಚ ಉಂಡು?’ ಮೊದಲ ದಿನ ನನ್ನನ್ನು ಚುಚ್ಚಲಿಕ್ಕೆಂದು ಕೇಳಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ ನಿಜವಾಗಿಯೇ ಕೇಳುತ್ತಿದ್ದರು. ನೀರು ನಿಂತಿಲ್ಲ ಎನ್ನುತ್ತಿದ್ದೆ. ಬದಿಯ ಮಣ್ಣು ಜಾರಿಲ್ಲ ಎನ್ನುತ್ತಿದ್ದೆ. ಹಾಗೆ ಹೇಳಿದ ಮೇಲೆಯೇ ಊಟಕ್ಕೆ ಬಡಿಸುತ್ತಿದ್ದದ್ದು. ಒಂದು ದಿನ ಜ್ವರ ಬಂದು ನಾನು ಕೆಲಸಕ್ಕೆ ಹೋಗಲಿಲ್ಲ. ‘ಹಾಗಾದರೆ ಇವತ್ತು ಗದ್ದೆ ನೋಡಿದವರು ಯಾರು?’ ಎಂದು ಕೇಳಿದರು.”

‘ಕಂಡ’ವೆಂದರೆ ತುಳುವಿನಲ್ಲಿ ಗದ್ದೆ. ಗದ್ದೆ ಹೇಗಿದೆ ಎಂದು ಆ ತಾಯಿ ಹದಿನೈದು ವರ್ಷ ಕೇಳಿದರು. ಆ ಗದ್ದೆಯ ಮೇಲೆ ಓಡುವ ಬಂಡಿಯನ್ನು ಒಂದು ದಿನವೂ ಹತ್ತಲಿಲ್ಲ. ಇನ್ನಂಜೆಯಿಂದ ಉಡುಪಿಗೆ ಹೋಗುವುದಿದ್ದರೂ ಬಸ್ಸಿನಲ್ಲೇ ಹೋಗುತ್ತಿದ್ದರು.

ಇದನ್ನು ಕೇಳಿದ ದಿನ ನನಗೆ ನಿದ್ರೆ ಬರಲಿಲ್ಲ. ಅಂದು ನಾನು ಆಕ್ಷೇಪಣೆಯನ್ನೇ ಬರೆದಿದ್ದರೂ ಗದ್ದೆಯು ಉಳಿಯುತ್ತಿರಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು. ಅದೇ ಸಮಾಧಾನವನ್ನು ಮೂವತ್ತು ವರ್ಷ ಹೇಳಿಕೊಂಡು ಬಂದವನು ನಾನು. ಆದರೆ ಗದ್ದೆ ಉಳಿಯುತ್ತಿತ್ತೋ ಇಲ್ಲವೋ ಎಂಬುದು ಒಂದು ಮಾತು. ಹೆಬ್ಬೆರಳೊತ್ತುವವರಿಗೆ ಕಾಗದವನ್ನು ಪೂರ್ತಿಯಾಗಿ ಓದಿ ಹೇಳುವುದು ಬೇರೊಂದು ಮಾತು. ಮಕ್ಕಳಿಗೆ ‘ಸತ್ಯಂ ವದ’ ಎಂದು ಹೇಳಿಕೊಡುತ್ತಿದ್ದವನು ಅದನ್ನು ತಿಳಿಯದೆ ಹೋದೆನೆಂದು ಹೇಳಿದರೆ ವಾಚಕರು ನಂಬುವರೇ?

ಈಗ ಆ ದಾರಿಯ ಮೇಲೆ ವಿದ್ಯುತ್ತಿನ ತಂತಿಗಳು ಹಾದಿವೆ. 2022ರಲ್ಲಿ ಆ ಕೆಲಸವು ಮುಗಿಯಿತು. ಬಂಡಿಯ ಸದ್ದು ಮುಂಚಿನಷ್ಟಿಲ್ಲ. ಕಾಯಿಲೆ ಬಿದ್ದ ಮೇಲೆ ಹಳಿಯಣ್ಣನಿಗೆ ಅದೇ ಒಂದು ತೊಂದರೆಯಾಗಿದ್ದಿತು: ಡೀಸಲ್ ಬಂಡಿಯಾದರೆ ದೂರದಿಂದಲೇ ಗೊತ್ತಾಗುತ್ತಿತ್ತು, ಈಗಿನದು ಮನೆಯ ಬಳಿ ಬಂದ ಮೇಲೆಯೇ ತಿಳಿಯುವುದೆಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಆಟಿಯ ಮಳೆ ಧಾರಾಕಾರವಾಗಿ ಸುರಿಯುತ್ತಿದ್ದ ಆ ಬೆಳಗ್ಗೆ ಅವರು ತೀರಿಕೊಂಡರು. ಊರಿನ ಜನ ಬಂದರು. ಅವರ ಗ್ಯಾಂಗಿನಲ್ಲಿದ್ದ ನಾಲ್ವರು ಕಿತ್ತಳೆ ಬಣ್ಣದ ಮೇಲಂಗಿಯಲ್ಲೇ ಬಂದು, ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಮಳೆಯ ಕಾವಲಿನ ಹೊತ್ತಾಯಿತೆಂದು ಹೊರಟುಹೋದರು.

ಉತ್ತರಕ್ರಿಯೆಯೆಲ್ಲ ಕಳೆದ ಮೇಲೆ ಕಾರ್ಕಳದ ಮಗಳು ನನ್ನನ್ನು ಕರೆಯಿಸಿದಳು. ಒಂದು ತಗಡಿನ ಪೆಟ್ಟಿಗೆಯನ್ನು ಜಗಲಿಗೆ ತಂದಿರಿಸಿದಳು. ಅದರಲ್ಲಿ ಅಜ್ಜನ ಕಾಲದ ಟ್ರಿಬ್ಯೂನಲಿನ ಆಜ್ಞಾಪತ್ರವಿದ್ದಿತು, ಪರಿಹಾರದ ಕಾಗದವಿದ್ದಿತು. ಅವುಗಳ ನಡುವೆ ಮಡಿಕೆಯ ಗೆರೆಗಳಲ್ಲಿ ಹರಿದ ಒಂದು ಕಾರ್ಬನ್ ಪ್ರತಿಯೂ ಇದ್ದಿತು. ಅಡಿಯಲ್ಲಿ ಹೆಬ್ಬೆರಳಿನ ಗುರುತು.

“ಮಾಷ್ಟ್ರೇ, ಈ ಅಕ್ಷರ ನಿಮ್ಮದಲ್ಲವೇ?” ಎಂದಳು. ಅಕ್ಷರಗಳು ಮಾಸಿ ಅವಳ ಕಣ್ಣಿಗೆ ಹಿಡಿಯುತ್ತಿರಲಿಲ್ಲ. “ಇದರಲ್ಲಿ ಏನು ಬರೆದದ್ದು?”

ನಾನು ಕನ್ನಡಕ ಹಾಕಿಕೊಂಡು ಜಗಲಿಯಲ್ಲೇ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿ, ಒಂದೊಂದು ಸಾಲನ್ನೂ ತುಳುವಿನಲ್ಲಿ ಹೇಳಿದೆನು. ಆ ಸಾಲನ್ನು ಎರಡು ಸಲ ಓದಿದೆನು. ಅಂದು ಅದನ್ನು ಅವಳ ಅಜ್ಜಿಗೆ ಓದಿ ಹೇಳಿರಲಿಲ್ಲವೆಂಬುದನ್ನೂ ಹೇಳಿದೆನು. ಅವಳು ಏನೂ ಅನ್ನದೆ ಕಾಗದವನ್ನು ತಕ್ಕೊಂಡು, ಹರಿಯದಂತೆ ಹಳೆಯ ಮಡಿಕೆಯಲ್ಲೇ ಮಡಿಚಿ, ಆಜ್ಞಾಪತ್ರದ ಅಡಿಯಲ್ಲಿ ಇರಿಸಿ ಪೆಟ್ಟಿಗೆಯನ್ನು ಮುಚ್ಚಿದಳು. ಒಳಗೆ ಹೋಗುತ್ತ, “ಚಾ ಕುಡಿದು ಹೋಗಿ ಮಾಷ್ಟ್ರೇ” ಎಂದಳು.

ಸೊಪ್ಪುಗಳ ವಿಷಯವು ಮುಂದಿನ ತಿಂಗಳಿಗೆ.